ಅಕ್ರೋಟೋ ಬೀಟೆಯೋ: ಹಳೆ ಮಾದರಿಯ ರಿವಾಲ್ವರ್ ಹಿಡಿಯ ಮರ ಕುರಿತು ಒಂದು ಟಿಪ್ಪಣಿ

ಹತ್ತೊಂಬತ್ತನೆಯ ಶತಮಾನದ ರಿವಾಲ್ವರಿಗೋ ಅದರ ಈಚಿನ ಪ್ರತಿಕೃತಿಗೋ ಹೊಸ ಮರದ ಹಿಡಿ ಮಾಡಹೊರಟವರಿಗೆ ಎದುರಾಗುವ ಮೊದಲ ಪ್ರಶ್ನೆ, ಯಾವ ಮರ ಎಂಬುದು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯ ಹೇವರ್ಡ್‌ನಲ್ಲಿ ನೆಲೆಸಿದ ಕನ್ನಡಿಗರಾದರೆ ಇದರ ಜೊತೆಗೆ ಇನ್ನೊಂದು ಆಸೆಯೂ ಸೇರಿಕೊಳ್ಳುವುದು ಸಹಜ: ನಮ್ಮ ಮಲೆನಾಡಿನ ಬೀಟೆಯನ್ನೇ ಏಕೆ ಹಾಕಬಾರದು? ಆ ಆಸೆಗೆ ಆಧಾರವುಂಟೇ, ಉಂಟಾದರೆ ಎಲ್ಲಿ, ಎಂದು ಈ ಟಿಪ್ಪಣಿಯಲ್ಲಿ ಪರಿಶೀಲಿಸಿದ್ದೇನೆ. ನನ್ನ ನಿಲುವು ಹೀಗಿದೆ. ಕೋಲ್ಟ್ ಕಂಪನಿಯ ಮಾದರಿಗಳಿಗೆ ಸಲ್ಲುವುದು ಅಕ್ರೋಟು, ಅಂದರೆ ವಾಲ್‌ನಟ್. ಅದು ಹೇವರ್ಡಿನ ಆಸುಪಾಸಿನ ನೆಲದಲ್ಲೇ ಬೆಳೆದಿದೆ. ಬೀಟೆಗೆ ನ್ಯಾಯವಾದ ಜಾಗ ಇರುವುದು ಸ್ಮಿತ್ ಅಂಡ್ ವೆಸ್ಸನ್ ಕಂಪನಿಯ ಮೊದಮೊದಲ ಮಾದರಿಗಳಲ್ಲಿ.

ಕೋಲ್ಟ್ ಹಿಡಿಯ ರಚನೆ ತಿಳಿಯದೆ ಮುಂದಿನ ಮಾತು ಸ್ಪಷ್ಟವಾಗದು. 1851ರ ನೇವಿ ಮಾದರಿಯಲ್ಲಿ ಹಿಡಿಯ ಚೌಕಟ್ಟು ಎರಡು ಲೋಹಪಟ್ಟಿಗಳಿಂದ ಆಗಿದೆ. ಕುದುರೆಯ, ಅಂದರೆ ಟ್ರಿಗರಿನ, ಕಾವಲಿನಿಂದ ಕೆಳಗಿಳಿಯುವ ಮುಂಪಟ್ಟಿ ಒಂದು, ಅಂಗೈಗೆ ತಾಗುವ ಬೆನ್ನುಪಟ್ಟಿ ಇನ್ನೊಂದು. ಇವೆರಡರ ನಡುವೆ ಒಂದೇ ತುಂಡಿನ ಮರ ಕೂರುತ್ತದೆ. ಸುತ್ತಿಗೆಯನ್ನು ಹೊಡೆಸುವ ಚಪ್ಪಟೆ ಸ್ಪ್ರಿಂಗಿಗೆ ಎಡೆಯಾಗಲೆಂದು ಮರದ ಒಳಗೆ ಉದ್ದಕ್ಕೂ ಒಂದು ತೋಡು ಕೊರೆದಿರುತ್ತಾರೆ. ಮರ ಹೊರಬರಬೇಕಾದರೆ ಬೆನ್ನುಪಟ್ಟಿಯ ಸ್ಕ್ರೂಗಳನ್ನು ಬಿಚ್ಚಲೇಬೇಕು. 1860ರ ಆರ್ಮಿ ಮಾದರಿಯಲ್ಲಿ ಹಿಡಿ ಸ್ವಲ್ಪ ಉದ್ದವಾಯಿತು. 1873ರಲ್ಲಿ ಸಿಂಗಲ್ ಆಕ್ಷನ್ ಆರ್ಮಿ ಬಂದಾಗ ಕಂಪನಿ ಮತ್ತೆ ನೇವಿಯ ಆಕಾರಕ್ಕೇ ಮರಳಿತು. ಹಾಗಾಗಿ ನೇವಿಯ ಹಿಡಿ ಮಾಡಲು ಕಲಿತವರಿಗೆ 1873ರ ಮಾದರಿಯ ಅಳತೆಗಳೂ ಬಹುಮಟ್ಟಿಗೆ ಕೈಗೆ ಬಂದಂತೆಯೇ. 1882ರ ಸುಮಾರಿಗೆ ನಾಗರಿಕರಿಗೆ ಮಾರುವ ರಿವಾಲ್ವರುಗಳಿಗೆ ಗಟ್ಟಿ ರಬ್ಬರಿನ ಎರಡು ಹಲಗೆಗಳ ಹಿಡಿ ಬಂತು. ಅಮೆರಿಕದ ಸೈನ್ಯಕ್ಕೆ ಹೋಗುವವುಗಳಲ್ಲಿ ಅಕ್ರೋಟೇ ಉಳಿಯಿತು.

ಈ ಮರದ ತುಂಡು ಒಂದು ದಾಖಲೆಯೂ ಹೌದು. ಅದರ ಮೈ ಉಜ್ಜುವ ಮೊದಲು ಇದನ್ನು ನೆನಪಿಡಬೇಕು. ಕೋಲ್ಟ್ ಕಂಪನಿಯ ಹಾರ್ಟ್‌ಫರ್ಡಿನ ಕಾರ್ಖಾನೆಯಲ್ಲಿ ಪ್ರತಿ ಹಿಡಿಯನ್ನೂ ಅದರದೇ ಚೌಕಟ್ಟಿಗೆ ಹೊಂದಿಸಿ ಒಟ್ಟಿಗೇ ಉಜ್ಜುತ್ತಿದ್ದರು. ಒಂದರ ಮರ ಇನ್ನೊಂದಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಆದ್ದರಿಂದ ಬೆನ್ನುಪಟ್ಟಿ ಮುಚ್ಚುವ ಜಾಗದಲ್ಲಿ ರಿವಾಲ್ವರಿನ ಕ್ರಮಸಂಖ್ಯೆಯನ್ನು ಪೆನ್ಸಿಲಿನಲ್ಲೋ ಶಾಯಿಯಲ್ಲೋ ಬರೆದಿಡುವ ರೂಢಿ ಇತ್ತು. ಸೈನ್ಯ ಕೊಂಡವುಗಳಲ್ಲಿ ಹೊರಮೈ ಮೇಲೆ ತಪಾಸಣಾಧಿಕಾರಿಯ ಹೆಸರಿನ ಮೊದಲಕ್ಷರಗಳ ಮುದ್ರೆಯೂ ಬೀಳುತ್ತಿತ್ತು. 1873ರ ಮೊದಲ ಗುತ್ತಿಗೆಯ ರಿವಾಲ್ವರುಗಳನ್ನು ಪರೀಕ್ಷಿಸಿದವನು ಆರ್ವಿಲ್ ಡಬ್ಲ್ಯು. ಏನ್ಸ್‌ವರ್ತ್. ಅವನ ಮೂರಕ್ಷರದ ಮುದ್ರೆ ಮಾಸದೆ ಉಳಿದ ಹಿಡಿಗಳಿಗಾಗಿ ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ. ಮುದ್ರೆಯ ಆಳ ಕೂದಲೆಳೆಯಷ್ಟು. ಒರಟು ಉಪ್ಪುಕಾಗದದಿಂದ ನಾಲ್ಕು ಸಲ ಉಜ್ಜಿದರೆ ಅದು ಇನ್ನೆಂದೂ ಓದಲು ಸಿಗದು.

1890ರ ದಶಕದ ನಡುವಿನಿಂದ ಸೈನ್ಯವು ಇವೇ ರಿವಾಲ್ವರುಗಳನ್ನು ವಾಪಸು ತರಿಸಿ, ಏಳೂವರೆ ಇಂಚಿನ ನಳಿಗೆಯನ್ನು ಐದೂವರೆಗೆ ಕತ್ತರಿಸಿ ಮತ್ತೆ ಹಂಚಿತು. ಆ ಗಡಿಬಿಡಿಯಲ್ಲಿ ಒಂದರ ಭಾಗ ಇನ್ನೊಂದಕ್ಕೆ ಸೇರಿಹೋಯಿತು. ಈಗ ಅಂಥ ರಿವಾಲ್ವರಿನ ಚರಿತ್ರೆ ಬಿಡಿಸುವವರು ಚೌಕಟ್ಟಿನ ಸಂಖ್ಯೆಯ ಜೊತೆಗೆ ಮರದೊಳಗಿನ ಪೆನ್ಸಿಲ್ ಗೆರೆಯನ್ನೂ ಹೋಲಿಸಿ ನೋಡುತ್ತಾರೆ. ಆದ್ದರಿಂದ ಅಸಲು ಹಿಡಿಯನ್ನು ಹೊಸದರಂತೆ ಹೊಳೆಯಿಸುವುದನ್ನು ನಾನು ಒಪ್ಪಲಾರೆ. ಒಣ ಬಟ್ಟೆಯಿಂದ ಕೊಳೆ ಒರೆಸಿ, ತೆಳ್ಳಗೆ ಮೇಣ ಸವರಿದರೆ ಸಾಕು. ಮುಂದೆ ಬರುವ ಮಾತೆಲ್ಲ ಪ್ರತಿಕೃತಿಗಳಿಗೆ, ಇಲ್ಲವೇ ಮೂಲ ಮರ ಪೂರ್ತಿ ಕಳೆದುಹೋದವುಗಳಿಗೆ ಸಂಬಂಧಿಸಿದ್ದು.

ಪ್ರತಿಕೃತಿಗಳ ಬಹುಪಾಲು ಉತ್ತರ ಇಟಲಿಯ ವಾಲ್ ಟ್ರೊಂಪಿಯಾ ಕಣಿವೆಯಿಂದ ಬರುತ್ತದೆ. ಆಲ್ಡೊ ಉಬೆರ್ತಿ 1959ರಲ್ಲಿ ಅಲ್ಲಿ ತನ್ನ ಕಾರ್ಖಾನೆ ಆರಂಭಿಸಿದ.   ಇಟಲಿಯ ಈ ರಿವಾಲ್ವರುಗಳ ಲೋಹದ ಕೆಲಸ ಅಚ್ಚುಕಟ್ಟು. ಹಿಡಿಯ ಮೇಲಿನ ಕೆಂಪು ಛಾಯೆಯ ಹೊಳೆಯುವ ಮೆರುಗಿನ ಬಗ್ಗೆ ಮಾತ್ರ ಬಳಸುವವರ ತಕರಾರು ಹಳೆಯದು. ಆ ಮೆರುಗಿನ ಕೆಳಗೆ ಸಾಮಾನ್ಯವಾಗಿ ಒಳ್ಳೆಯ ಅಕ್ರೋಟು ಮರವೇ ಇರುತ್ತದೆ. ಮೆರುಗು ತೆಗೆದು ಎಣ್ಣೆ ಹಾಕಿದರೆ ಎಷ್ಟೋ ಸಲ ಹೊಸ ಹಿಡಿಯ ಅಗತ್ಯವೇ ಬೀಳುವುದಿಲ್ಲ.

ಹೊಸದೇ ಬೇಕೆಂದರೆ ಹೇವರ್ಡಿನವರು ಮರಕ್ಕಾಗಿ ದೂರ ನೋಡಬೇಕಾಗಿಲ್ಲ. ಕೋಲ್ಟ್ ಬಳಸಿದ್ದು ಅಮೆರಿಕದ ಪೂರ್ವ ಭಾಗದ ಕಪ್ಪು ಅಕ್ರೋಟು. ಕ್ಯಾಲಿಫೋರ್ನಿಯಾಕ್ಕೆ ಅದರದೇ ಆದ ಕಪ್ಪು ಅಕ್ರೋಟು ಬೇರೆ ಇದೆ. ಬ್ರಿಟಿಷ್ ಹಡಗು ಸಲ್ಫರ್‌ನಲ್ಲಿ 1837ರಲ್ಲಿ ಈ ಕರಾವಳಿಗೆ ಬಂದ ವೈದ್ಯ ಮತ್ತು ಸಸ್ಯಶಾಸ್ತ್ರಜ್ಞ ರಿಚರ್ಡ್ ಬ್ರಿನ್ಸ್‌ಲಿ ಹಿಂಡ್ಸ್‌ನ ಹೆಸರನ್ನು ಬರ್ಕ್ಲಿಯ ಪ್ರಾಧ್ಯಾಪಕ ವಿಲಿಸ್ ಲಿನ್ ಜೆಪ್ಸನ್ ಈ ಮರಕ್ಕೆ ಕೊಟ್ಟ. ಇದು ತಾನಾಗಿ ಬೆಳೆದ ನೆಲೆಗಳು ಬೆರಳೆಣಿಕೆಯಷ್ಟೇ. ಅವುಗಳಲ್ಲಿ ಒಂದು ಹೇವರ್ಡಿನ ಉತ್ತರಕ್ಕೆ ಬೆಟ್ಟಸಾಲಿನ ಆಚೆಗಿರುವ ವಾಲ್‌ನಟ್ ಕ್ರೀಕ್. ಇನ್ನೆರಡು ಸ್ಯಾಕ್ರಮೆಂಟೊ ನದಿ ದಂಡೆಯ ವಾಲ್‌ನಟ್ ಗ್ರೋವ್ ಮತ್ತು ನಾಪಾ ಹತ್ತಿರದ ವುಡನ್ ಕಣಿವೆ. ಬಂದೂಕಿನ ಮರ ಮಾರುವವರು ಇದನ್ನು ‘ಕ್ಲಾರೊ’ ಎನ್ನುತ್ತಾರೆ.

ಕ್ಲಾರೊ ಈ ಪ್ರಾಂತ್ಯದಲ್ಲಿ ಹರಡಿದ್ದು ತೋಟಗಾರಿಕೆಯಿಂದ. ಹಣ್ಣಿನ ತೋಟಗಳು ಈ ಸೀಮೆಯ ಚರಿತ್ರೆಯೇ ಆಗಿದ್ದವು. ಹೇವರ್ಡಿಗೆ ಅಂಟಿಕೊಂಡಿರುವ ಚೆರಿಲ್ಯಾಂಡ್‌ನಲ್ಲಿ, ಚೆರಿ ಮುಂತಾದ ಹಣ್ಣುಗಳ ದೊಡ್ಡ ತೋಟ ಮಾಡಿದ್ದ ವಿಲಿಯಂ ಮೀಕ್ 1869ರಲ್ಲಿ ಕಟ್ಟಿಸಿದ ಮನೆ ಈಗಲೂ ನಿಂತಿದೆ. ಬೆಟ್ಟದಾಚೆ ಕಾಂಟ್ರಾ ಕೋಸ್ಟಾದ ಕಣಿವೆಗಳಲ್ಲಿ ಅಕ್ರೋಟು ಮುಖ್ಯ ಬೆಳೆಯಾಗಿತ್ತು. ಅಲ್ಲಿನ ರೈತರು ತಿನ್ನುವ ಕಾಯಿಯ ಯುರೋಪ್ ತಳಿಯನ್ನು ಕ್ಯಾಲಿಫೋರ್ನಿಯಾದ ಕಪ್ಪು ಅಕ್ರೋಟಿನ ಬೇರುಗಿಡದ ಮೇಲೆ ಕಸಿ ಕಟ್ಟಿದರು. ಈ ಬೇರಿಗೆ ಮಣ್ಣಿನ ಶಿಲೀಂಧ್ರಗಳನ್ನು ತಡೆಯುವ ಶಕ್ತಿ ಹೆಚ್ಚು. ಹೀಗಾಗಿ ತೋಟದ ಪ್ರತಿ ಮರದ ಬುಡದಲ್ಲೂ ಎರಡು ಜಾತಿಯ ಮರ ಒಂದಾಗಿ ಬೆಳೆಯಿತು: ಕಸಿಯ ಕೆಳಗೆ ಕಡುಕಂದು ಚೇಗು, ಮೇಲೆ ತಿಳಿ ಬೂದುಗಂದು. ಆ ಬೊಡ್ಡೆಯನ್ನು ಸೀಳಿದಾಗ ಸಿಗುವ ಹೊಗೆಯಂಥ ಕಪ್ಪು ಗೆರೆಗಳು, ಸುಳಿಗಳು ಬಂದೂಕಿನ ಮರದಲ್ಲೇ ಅತಿ ಚೆಲುವಾದವು ಎಂಬುದು ನನ್ನ ಅಭಿಪ್ರಾಯ. ಸಾಂಟಾ ರೋಸಾದ ಲೂಥರ್ ಬರ್ಬ್ಯಾಂಕ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇವೇ ಎರಡು ಜಾತಿಗಳ ಮಿಶ್ರತಳಿಯನ್ನು ‘ಪ್ಯಾರಡಾಕ್ಸ್’ ಎಂಬ ಹೆಸರಿನಿಂದ ಜನರಿಗೆ ಪರಿಚಯಿಸಿದ. ಅದರ ಮರ ಇನ್ನೂ ಗಟ್ಟಿ. ಬಂದೂಕಿನ ಮರದ ಪೇಟೆಯಲ್ಲಿ ಅದರ ಹೆಸರು ‘ಬಾಸ್ಟೋನ್’.

ಎರಡು ಜಾತಿಗಳು ಸೇರುವ ಆ ಕಸಿಗೆರೆಯೇ ತೋಟದ ಮರದ ಸಾವಿಗೂ ಕಾರಣವಾಯಿತು. ಪರಾಗದ ಮೂಲಕ ಹರಡುವ ಒಂದು ವೈರಸ್ ಯುರೋಪ್ ತಳಿಯಲ್ಲಿ ಹೆಚ್ಚು ತೊಂದರೆ ಕೊಡದೆ ಇರುತ್ತದೆ. ಕಪ್ಪು ಅಕ್ರೋಟಿನ ಅಂಗಾಂಶಕ್ಕೆ ಅದು ತಾಗಿದೊಡನೆ ಅಲ್ಲಿನ ಜೀವಕೋಶಗಳು ಸಾಯುತ್ತವೆ. ಎರಡೂ ಸೇರುವಲ್ಲಿ ಒಂದು ಸಣ್ಣ ಕರಿಗೆರೆ ಮೂಡಿ, ಬೇರಿಗೂ ಮೇಲಿನ ಮರಕ್ಕೂ ಸಂಬಂಧ ಕಡಿದುಹೋಗುತ್ತದೆ. ಕರಾವಳಿಗೆ ಹತ್ತಿರದ ಜಿಲ್ಲೆಗಳ ತೋಟಗಳನ್ನು ಈ ರೋಗ ಬಹಳ ಕಾಡಿತು. ಎರಡನೆಯ ಮಹಾಯುದ್ಧದ ನಂತರ ಮನೆ ಬಡಾವಣೆಗಳು ಉಳಿದ ತೋಟಗಳನ್ನೂ ನುಂಗಿದವು. ಇಂದು ಮಾರಾಟಕ್ಕೆ ಬರುವ ಹಳೆಯ ಕ್ಲಾರೊ ಬೊಡ್ಡೆಗಳಲ್ಲಿ ಎಷ್ಟೋ ಹೀಗೆ ಕಡಿದ ತೋಟದ, ಬೀದಿಬದಿಯ ಮರಗಳಿಂದ ಬಂದವು. ರಿವಾಲ್ವರಿನ ಹಿಡಿಗೆ ಬೇಕಾದದ್ದು ಅಂಗೈಯಷ್ಟು ತುಂಡು ಮಾತ್ರ. ಬಂದೂಕಿನ ಉದ್ದನೆಯ ದಿಮ್ಮಿಗೆ ಸಾಲದೆ ಉಳಿದ ಚೂರು ಸಾಕು.

ಇನ್ನು ಬೀಟೆ, ಅಂದರೆ ಭಾರತದ ರೋಸ್‌ವುಡ್. ಸ್ಮಿತ್ ಅಂಡ್ ವೆಸ್ಸನ್ 1857ರಲ್ಲಿ ಹೊರತಂದ ಒಂದನೆಯ ಸಂಖ್ಯೆಯ ಮಾದರಿಗೂ 1861ರಲ್ಲಿ ಬಂದ ಎರಡನೆಯ ಸಂಖ್ಯೆಯ ಮಾದರಿಗೂ ರೋಸ್‌ವುಡ್ ಹಿಡಿಯೇ ಸಾಮಾನ್ಯವಾಗಿತ್ತು. ಆ ಕಾಲದಲ್ಲಿ ಅಮೆರಿಕಕ್ಕೆ ಬರುತ್ತಿದ್ದ ರೋಸ್‌ವುಡ್‌ನ ಬಹುಪಾಲು ಬ್ರೆಜಿಲ್‌ನದು, ನಮ್ಮ ಬೀಟೆಯ ಕುಲದ್ದೇ ಇನ್ನೊಂದು ಜಾತಿ. ಅಳಿವಿನಂಚಿಗೆ ಬಂದ ಜೀವಜಾತಿಗಳ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದ 1992ರಿಂದ ಬ್ರೆಜಿಲ್ ಮರವನ್ನು ಅತಿ ಕಠಿಣವಾದ ಮೊದಲ ಅನುಬಂಧದಲ್ಲಿ ಇಟ್ಟಿದೆ. ಹಾಗಾಗಿ ಆ ಮಾದರಿಗಳ ಕಳೆದುಹೋದ ಹಿಡಿಗೆ ಬಣ್ಣದಲ್ಲೂ ತೂಕದಲ್ಲೂ ಎಳೆಯಲ್ಲೂ ತೀರ ಹತ್ತಿರದ ಬದಲಿ ಮರಗಳಲ್ಲಿ ಬೀಟೆ ಒಂದು. ಕ್ಲಾರೊ ಅಕ್ರೋಟಿನ ಒಣ ತೂಕ ಘನಮೀಟರಿಗೆ ಸುಮಾರು 640 ಕಿಲೊ. ಬೀಟೆಯದು 830ರ ಆಸುಪಾಸು. ಇದೇ ತೂಕವನ್ನು ಕೋಲ್ಟ್ ನೇವಿಯಲ್ಲಿ ಇಟ್ಟರೆ ಹಿಡಿ ಕೈಗೆ ಬೇರೆಯೇ ಆಗಿ ಬರುತ್ತದೆ, ಕಣ್ಣಿಗೂ ಹೊರಗಿನದೆನಿಸುತ್ತದೆ. ಊರಿನ ಮೇಲಿನ ಪ್ರೀತಿಯಿಂದ ಹಾಕಿದ ಮರ ವಸ್ತುವಿನ ಚರಿತ್ರೆಯನ್ನು ಸುಳ್ಳು ಮಾಡಬಾರದು ಎಂಬ ಕಾರಣಕ್ಕೇ ನಾನು ಇಲ್ಲಿ ಇಷ್ಟು ಬಿಗಿಯಾಗಿದ್ದೇನೆ.

ಊರಿನಿಂದ ಬರುವಾಗ ಪೆಟ್ಟಿಗೆಯಲ್ಲಿ ಒಂದು ಬೀಟೆ ತುಂಡು ಹಾಕಿಕೊಂಡು ಬರಬಹುದೇ? ಬಾರದು. ಕರ್ನಾಟಕದಲ್ಲಿ ಖಾಸಗಿ ಜಮೀನಿನ ಬೀಟೆಯನ್ನೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. 2017ರ ಜನವರಿ 2ರಿಂದ ಈ ಕುಲದ ಮಿಕ್ಕ ಜಾತಿಗಳೂ ಸೈಟಿಸ್‌ನ ಎರಡನೆಯ ಅನುಬಂಧಕ್ಕೆ ಸೇರಿವೆ. 2019ರ ನವೆಂಬರಿನಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ 10 ಕಿಲೊ ಒಳಗಿನ ಸಿದ್ಧವಸ್ತುಗಳಿಗೆ ವಿನಾಯಿತಿ ಸಿಕ್ಕಿತು. ಕೊರೆದು ಮುಗಿಸಿದ ವಸ್ತು ಅದರಲ್ಲಿ ಸೇರುತ್ತದೆ. ಕೊರೆಯಬೇಕಾದ ಕಚ್ಚಾ ತುಂಡು ಸೇರುವುದಿಲ್ಲ. ಕಾನೂನು ಮೀರಿ ಕಡಿದ ಮರವನ್ನು ಕೊಳ್ಳುವುದೂ ಅಮೆರಿಕದ ಲೇಸಿ ಕಾಯ್ದೆಯ 2008ರ ತಿದ್ದುಪಡಿಯ ಪ್ರಕಾರ ಅಪರಾಧ. ಬೀಟೆಯೇ ಬೇಕೆಂದರೆ ಸರಿಯಾದ ಕಾಗದಪತ್ರದೊಡನೆ ಅಮೆರಿಕಕ್ಕೆ ಬಂದ ದಾಸ್ತಾನಿನಿಂದ, ಉದಾಹರಣೆಗೆ ಗಿಟಾರು ಮಾಡುವವರಿಗೆ ಮರ ಒದಗಿಸುವವರಿಂದ, ಕೊಳ್ಳುವುದು ಸರಿಯಾದ ದಾರಿ. ದಂತದ ಹಿಡಿಯ ಮಾತೇ ಬೇಡ. 2016ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಅದರ ಮಾರಾಟಕ್ಕೆ, ಕೆಲವೇ ವಿನಾಯಿತಿಗಳನ್ನು ಬಿಟ್ಟು, ನಿಷೇಧವಿದೆ. ಬೀಟೆಯಲ್ಲಿ ದಂತ ಕೂರಿಸುತ್ತಿದ್ದ ಮೈಸೂರಿನ ಕುಶಲಕರ್ಮಿಗಳು ಎಷ್ಟೋ ಹಿಂದೆಯೇ ದಂತ ಬಿಟ್ಟು ಪ್ಲಾಸ್ಟಿಕ್ಕಿಗೂ ಬಣ್ಣದ ಮರಗಳಿಗೂ ಹೊರಳಿ ಆ ಕಲೆಯನ್ನು ಉಳಿಸಿಕೊಂಡಿದ್ದಾರೆ.

ಕೆಲಸದ ವಿಷಯಕ್ಕೆ ಬಂದರೆ, ಮರದ ಎಳೆ ಹಿಡಿಯ ಉದ್ದಕ್ಕೆ ಹರಿಯಬೇಕು. ಹಿಡಿಯ ತುದಿ ಅಗಲವಾಗಿ ಮುಂದಕ್ಕೆ ಚಾಚುವ ಮೂಲೆಯಲ್ಲಿ ಎಳೆ ಗಿಡ್ಡವಾಗಿ ಕಡಿದುಹೋದರೆ ಮರ ಅಲ್ಲೇ ಚಕ್ಕೆ ಏಳುತ್ತದೆ. ಹಳೆಯ ಹಿಡಿಗಳಲ್ಲಿ ಮುರಿದಿರುವ ಜಾಗವೂ ಹೆಚ್ಚಾಗಿ ಅದೇ. ಮೊದಲು ಸ್ಪ್ರಿಂಗಿನ ತೋಡು ಕೊರೆದು, ಲೋಹಕ್ಕೆ ಮರವನ್ನು ಕೂರಿಸಿ, ಹೊರಗಿನ ಆಕಾರವನ್ನು ಕೊನೆಗೆ ತರಬೇಕು. ಕೂರಿಸುವಾಗ ಲೋಹಕ್ಕೆ ಎಣ್ಣೆ ಬೆರೆಸಿದ ದೀಪದ ಮಸಿ ಸವರಿ ಮರವನ್ನು ಒತ್ತಿ ತೆಗೆದರೆ ತಾಗುವ ಉಬ್ಬುಗಳಲ್ಲಿ ಮಾತ್ರ ಕಪ್ಪು ಹತ್ತುತ್ತದೆ. ಆ ಕಪ್ಪನ್ನಷ್ಟೇ ಉಳಿಯಿಂದ ಕೆರೆದು ಮತ್ತೆ ಒತ್ತಬೇಕು. ಇದಕ್ಕೆ ತಾಳ್ಮೆ ಬೇಕು, ಬೇರೆ ಉಪಾಯವಿಲ್ಲ. ಮೈ ಸಮಮಾಡುವಾಗ ಬೆನ್ನುಪಟ್ಟಿಯನ್ನು ಜೋಡಿಸಿಯೇ ಅರ ಹಾಕಿದರೆ ಮರ ಮತ್ತು ಲೋಹದ ಅಂಚು ಬೆರಳಿಗೆ ಒಂದೇ ಆಗಿ ಸಿಗುತ್ತದೆ. ಅರ ಲೋಹಕ್ಕೆ ತಾಗದಂತೆ ಪಟ್ಟಿಯ ಮೇಲೆ ಟೇಪು ಅಂಟಿಸಿಕೊಳ್ಳಬೇಕು.

ಅಕ್ರೋಟಿನಲ್ಲಿ ಟ್ಯಾನಿನ್ ಇದೆ. ಉಜ್ಜಲು ಬಳಸಿದ ಉಕ್ಕಿನ ನಾರಿನ ಚೂರುಗಳು ಮರದ ರಂಧ್ರಗಳಲ್ಲಿ ಉಳಿದು ನೀರು ತಾಗಿದರೆ ಕಪ್ಪು ಚುಕ್ಕೆ ಏಳುತ್ತದೆ. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ರಸಾಯನ ಕ್ರಿಯೆಯಿಂದ. ಬೇಕೆಂದೇ ಬಣ್ಣ ಗಾಢ ಮಾಡುವವರು ವಿನಿಗರಿನಲ್ಲಿ ಕಬ್ಬಿಣ ನೆನೆಸಿದ ನೀರನ್ನು ತೆಳ್ಳಗೆ ಸವರುತ್ತಾರೆ. ಕಾಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ಪ್ರತಿ ಲೇಪವೂ ಪೂರ್ತಿ ಒಣಗುವತನಕ ಕಾಯಬೇಕು. ಕೊಲ್ಲಿಯ ಮಂಜು ನುಗ್ಗುವ ದಿನಗಳಲ್ಲಿ ಒಣಗುವುದು ಇನ್ನೂ ನಿಧಾನ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ತಾನಾಗಿಯೇ ಬಿಸಿಯೇರಿ ಉರಿ ಹತ್ತಬಹುದು. ಅದನ್ನು ಹೊರಗೆ ಹರವಿ ಒಣಗಿಸಬೇಕು, ಇಲ್ಲವೇ ನೀರಲ್ಲಿ ಮುಳುಗಿಸಿಡಬೇಕು.

ಬೀಟೆಗೆ ಈ ಕ್ರಮ ಹಾಗೆಯೇ ಹೊಂದದು. ಅದರೊಳಗಿನ ಎಣ್ಣೆಯಂಥ ಸಾರ ಅಗಸೆ ಎಣ್ಣೆಯನ್ನು ಒಣಗಲು ಬಿಡುವುದಿಲ್ಲ. ವಾರಗಟ್ಟಲೆ ಅಂಟಂಟಾಗಿಯೇ ಉಳಿಯುತ್ತದೆ. ಮೇಲ್ಮೈಯನ್ನು ಅಸಿಟೋನಿನಿಂದ ಒರೆಸಿ, ಸ್ಪಿರಿಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ಹಾಕುವುದು ಒಳ್ಳೆಯದು. ಬೀಟೆ ಉಜ್ಜುವಾಗ ಮುಖಗವಸು ಕಡ್ಡಾಯ. ಅದರ ಧೂಳಿನ ಕ್ವಿನೋನ್‌ಗಳು ಕೆಲವರಿಗೆ ಚರ್ಮದ ತುರಿಕೆಯನ್ನೂ ಉಬ್ಬಸವನ್ನೂ ತರುತ್ತವೆ, ಒಮ್ಮೆ ಅಲರ್ಜಿ ಹತ್ತಿದರೆ ಬಿಡುವುದು ಕಷ್ಟ.

ಹೊಸ ಹಿಡಿ ಮಾಡಿದವರಿಗೆ ನನ್ನ ಕೋರಿಕೆ ಒಂದಿದೆ. ಹಾರ್ಟ್‌ಫರ್ಡಿನವರು ಸಂಖ್ಯೆ ಬರೆದ ಅದೇ ಜಾಗದಲ್ಲಿ, ಬೆನ್ನುಪಟ್ಟಿಯ ಅಡಿಯಲ್ಲಿ, ಮರದ ಜಾತಿ, ಅದು ಸಿಕ್ಕಿದ ಊರು, ಮಾಡಿದ ವರ್ಷ, ಹಚ್ಚಿದ ಲೇಪ ಇಷ್ಟನ್ನು ಪೆನ್ಸಿಲಿನಲ್ಲಿ ಬರೆಯಿರಿ. ಮುಂದೆ ಯಾರೇ ಬಿಚ್ಚಿದರೂ ಇದು 1851ರದ್ದಲ್ಲ, 1873ರದ್ದಲ್ಲ ಎಂದು ಮೊದಲ ನೋಟಕ್ಕೇ ತಿಳಿಯುತ್ತದೆ. ಹಳೆಯ ಹಿಡಿ ಮುರಿದಿದ್ದರೂ ಅದನ್ನು ಎಸೆಯದೆ, ರಿವಾಲ್ವರಿನ ಸಂಖ್ಯೆ ಬರೆದ ಲಕೋಟೆಯಲ್ಲಿ ಅದರ ಜೊತೆಗೇ ಇಡಬೇಕು.