ಸೊಂಟದ ಕೀಲು ಬದಲಿಸಿದ ಮೇಲೆ ಒಂದು ಕಾಲು ಉದ್ದ ಎನಿಸುತ್ತಿದೆಯೇ? ಅವಸರದಲ್ಲಿ ಚಪ್ಪಲಿ ಎತ್ತರಿಸಬೇಡಿ

ಸೊಂಟದ ಕೀಲು ಬದಲಿ ಶಸ್ತ್ರಚಿಕಿತ್ಸೆಯ ನಂತರ ವಾಕರ್ ಹಿಡಿದು ನಡೆಯಲು ಶುರು ಮಾಡಿದವರಲ್ಲಿ ಅನೇಕರು 'ಆಪರೇಷನ್ ಆದ ಕಾಲು ಉದ್ದವಾಗಿದೆ' ಎಂದು ಗಾಬರಿಯಾಗುತ್ತಾರೆ. ಹೀಗೆ ಅನಿಸುವ ಎಲ್ಲರ ಕಾಲೂ ನಿಜವಾಗಿ ಉದ್ದವಾಗಿರುವುದಿಲ್ಲ.

ಕೀಲಿನ ಮೃದ್ವಸ್ಥಿ ಸವೆದು, ಕೆಲವರಲ್ಲಿ ತೊಡೆಮೂಳೆಯ ತಲೆಯೇ ಕುಸಿದು, ಆ ಕಾಲು ವರ್ಷಗಟ್ಟಲೆ ತುಸು ತುಸುವೇ ಗಿಡ್ಡವಾಗಿರುತ್ತದೆ. ದೇಹವೂ ಅದಕ್ಕೆ ಒಗ್ಗಿಹೋಗಿರುತ್ತದೆ. ಹೊಸ ಕೀಲು ಕಾಲನ್ನು ಹಳೆಯ ಉದ್ದಕ್ಕೆ ತಂದಾಗ, ಬಿಗಿದುಕೊಂಡ ಸ್ನಾಯುಗಳು ಸೊಂಟವನ್ನು ಓರೆಯಾಗಿ ಎಳೆಯುತ್ತವೆ. ಆಗ ಕಾಲು ಉದ್ದ ಎನಿಸುತ್ತದೆ. ವ್ಯಾಯಾಮದಿಂದ ಸ್ನಾಯು ಸಡಿಲವಾದಂತೆ, ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ, ಇದು ತಗ್ಗುತ್ತದೆ. ಅದಕ್ಕೂ ಮೊದಲೇ ಇನ್ನೊಂದು ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿದರೆ ಸೊಂಟದ ಓರೆ ಹಾಗೆಯೇ ಉಳಿದುಬಿಡಬಹುದು.

ನಿಜವಾಗಿಯೇ ಉದ್ದವಾಗುವುದೂ ಉಂಟು. ಕೃತಕ ಚೆಂಡು ಬಟ್ಟಲಿನಿಂದ ಜಾರದಿರಲು ಸುತ್ತಲಿನ ಸ್ನಾಯುಗಳು ಬಿಗಿಯಾಗಿರಬೇಕು. ಸಡಿಲ ಕಂಡರೆ ಸರ್ಜನ್ ತುಸು ಉದ್ದದ ಭಾಗ ಕೂರಿಸುತ್ತಾರೆ. ಕೀಲು ಪದೇ ಪದೇ ತಪ್ಪುವುದಕ್ಕಿಂತ ಕೆಲವು ಮಿಲಿಮೀಟರ್ ಉದ್ದ ವಾಸಿ ಎಂಬ ಲೆಕ್ಕ. ಈ ಮಾತನ್ನು ಆಪರೇಷನ್‌ಗೆ ಮೊದಲೇ ಹೇಳಿದರೆ ರೋಗಿಯ ಅರ್ಧ ಗಾಬರಿ ತಪ್ಪುತ್ತದೆ.

ಸೊಂಟದ ಮುಂಭಾಗದ ಮೂಳೆಯಿಂದ ಒಳಗಣಕಾಲಿನವರೆಗೆ ಟೇಪ್ ಹಿಡಿದು, ಪಾದದಡಿ ಮರದ ತುಂಡುಗಳನ್ನಿಟ್ಟು ನಿಲ್ಲಿಸಿ, ಎಕ್ಸ್-ರೇ ತೆಗೆದು ವ್ಯತ್ಯಾಸ ಅಳೆಯುತ್ತಾರೆ. ಸುಮಾರು 1 ಸೆಂ.ಮೀ. ಒಳಗಿನ ಅಂತರಕ್ಕೆ ಹೆಚ್ಚಿನವರು ಹೊಂದಿಕೊಳ್ಳುತ್ತಾರೆ. ಅದಕ್ಕೂ ಹೆಚ್ಚಿದ್ದು ಬೆನ್ನುನೋವು, ಕುಂಟು ಉಳಿದರೆ ಗಿಡ್ಡ ಕಾಲಿನ ಶೂ ಒಳಗೆ ಇನ್‌ಸೋಲ್ ಹಾಕಿಸಬಹುದು. ದಪ್ಪ ಹೆಚ್ಚು ಬೇಕಾದರೆ ಹೊರಗಿನ ಅಟ್ಟೆಯನ್ನೇ ಎತ್ತರಿಸಬೇಕು. ನಮ್ಮ ಮನೆಗಳಲ್ಲಿ ಒಂದು ತೊಡಕಿದೆ. ಶೂ ಬಾಗಿಲ ಹೊರಗೇ ಉಳಿಯುತ್ತದೆ, ದಿನದ ಬಹುಪಾಲು ಬರಿಗಾಲಿನ ಓಡಾಟ. ಹಾಗಾಗಿ ಮನೆಯೊಳಗಿನ ಚಪ್ಪಲಿಗೂ ಅದೇ ಎತ್ತರ ಮಾಡಿಸಿಕೊಳ್ಳುವುದು ಒಳ್ಳೆಯದು.

ಕೆಲವು ಲಕ್ಷಣಗಳಿಗೆ ಕಾಯುವಂತಿಲ್ಲ. ಬಿದ್ದಾಗ ಅಥವಾ ತಗ್ಗಿನ ಆಸನದಿಂದ ಏಳುವಾಗ ತೀವ್ರ ನೋವು ಬಂದು, ಕಾಲು ಗಿಡ್ಡವಾಗಿ ತಿರುಚಿಕೊಂಡಂತೆ ಕಂಡರೆ ಕೀಲು ತಪ್ಪಿರಬಹುದು. ಕಾಲಿಗೆ ಭಾರ ಹಾಕದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಪಾದ ಮೇಲೆತ್ತಲಾಗದಿದ್ದರೆ ಅಥವಾ ಮರಗಟ್ಟಿದ್ದರೆ ನರ ಎಳೆದಿರುವ ಸಾಧ್ಯತೆಯಿದೆ. ಅಂದೇ ಸರ್ಜನ್‌ಗೆ ತಿಳಿಸಬೇಕು. ವರ್ಷಗಳ ನಂತರ ಕಾಲು ಗಿಡ್ಡವಾಗುತ್ತಾ ಬಂದರೆ ಕೃತಕ ಕೀಲು ಸಡಿಲವಾಗಿದೆಯೇ ಎಂದು ಎಕ್ಸ್-ರೇಯಲ್ಲಿ ನೋಡಿಸಬೇಕು. ಬರೀ ಉದ್ದದ ವ್ಯತ್ಯಾಸಕ್ಕಾಗಿ ಮರು ಆಪರೇಷನ್ ಮಾಡುವುದು ಅಪರೂಪ.