ಶಸ್ತ್ರಚಿಕಿತ್ಸೆಯ ನಂತರದ ನೋವು: ಮೊದಲೇ ಅಂದಾಜಿಸಬಹುದೇ?

ಒಂದೇ ಬಗೆಯ ಶಸ್ತ್ರಚಿಕಿತ್ಸೆಗೆ ಒಳಗಾದ ಇಬ್ಬರಲ್ಲಿ ಒಬ್ಬರು ಮರುದಿನವೇ ಎದ್ದು ಓಡಾಡಿದರೆ, ಮತ್ತೊಬ್ಬರು ನೋವಿನಿಂದ ನರಳುವುದುಂಟು. ಯಾರಿಗೆ ಎಷ್ಟು ನೋವಾದೀತು ಎಂಬುದು ಮೊದಲೇ ತಿಳಿದರೆ ನೋವುನಿವಾರಕಗಳನ್ನು ಅದಕ್ಕೆ ತಕ್ಕಂತೆ ಯೋಜಿಸಬಹುದು.

ಗಾಯದ ಗಾತ್ರವೊಂದೇ ಅಳತೆಗೋಲಲ್ಲ

ಜರ್ಮನಿಯ 105 ಆಸ್ಪತ್ರೆಗಳ 50 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಆಧರಿಸಿದ ಅಧ್ಯಯನವೊಂದು 2013ರಲ್ಲಿ 179 ಬಗೆಯ ಶಸ್ತ್ರಚಿಕಿತ್ಸೆಗಳನ್ನು ಹೋಲಿಸಿತು. ಅಪೆಂಡಿಕ್ಸ್, ಟಾನ್ಸಿಲ್, ಮೂಲವ್ಯಾಧಿಯಂತಹ 'ಸಣ್ಣ' ಶಸ್ತ್ರಚಿಕಿತ್ಸೆಗಳಲ್ಲಿಯೂ ತೀವ್ರ ನೋವು ಕಂಡುಬಂದಿತು. ಹೊಟ್ಟೆಯ ಹಲವು ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ನೋವು ತುಲನಾತ್ಮಕವಾಗಿ ಕಡಿಮೆಯಿತ್ತು. ಬೆನ್ನುಹುರಿಯ ಸುತ್ತ ಔಷಧ ನೀಡುವ ಎಪಿಡ್ಯೂರಲ್ ವಿಧಾನವನ್ನು ಅಲ್ಲಿ ಸಮರ್ಪಕವಾಗಿ ಬಳಸಿದ್ದುದು ಇದಕ್ಕೆ ಮುಖ್ಯ ಕಾರಣ. 'ಸಣ್ಣದು' ಎಂಬ ಉಪೇಕ್ಷೆಯೇ ರೋಗಿಗೆ ಮುಳುವಾಗಬಹುದು ಎಂಬುದು ಇದರ ಸಾರ.

ಮುನ್ಸೂಚನೆಗಳು

48 ಅಧ್ಯಯನಗಳನ್ನು ಪರಾಮರ್ಶಿಸಿದ 2009ರ ವರದಿಯೊಂದು ನಾಲ್ಕು ಮುಖ್ಯ ಅಂಶಗಳನ್ನು ಗುರುತಿಸಿತು: ಮೊದಲೇ ಇರುವ ನೋವು, ಆತಂಕ, ವಯಸ್ಸು ಹಾಗೂ ಶಸ್ತ್ರಚಿಕಿತ್ಸೆಯ ಬಗೆ. ಸಾಮಾನ್ಯವಾಗಿ ಕಿರಿಯ ವಯಸ್ಕರಿಗೆ ಹಿರಿಯರಿಗಿಂತ ಹೆಚ್ಚು ನೋವಾಗುತ್ತದೆ.

ನೋವನ್ನು ಕುರಿತ ಭೀತಿಯನ್ನು ಅಳೆಯಲು 1995ರಲ್ಲಿ ಕೆನಡಾದ ಮನೋವಿಜ್ಞಾನಿಗಳು 13 ಪ್ರಶ್ನೆಗಳ ಮಾಪಕವೊಂದನ್ನು ರೂಪಿಸಿದರು. ಇದರ ಗರಿಷ್ಠ ಅಂಕ 52. ಹೆಚ್ಚು ಅಂಕ ಪಡೆದವರಲ್ಲಿ ಶಸ್ತ್ರಚಿಕಿತ್ಸೆಯ ನಂತರದ ನೋವೂ ಹೆಚ್ಚಿರುವ ಸಂಭವವಿದೆ. ಹಾಗೆಂದು ಆ ನೋವು ಕೇವಲ ಮನಸ್ಸಿನ ಭ್ರಮೆಯಲ್ಲ.

ರೋಗಿಗಳು ಏನು ಮಾಡಬೇಕು?

ಯಾವ ಪರೀಕ್ಷೆಯೂ ನೋವನ್ನು ಕರಾರುವಾಕ್ಕಾಗಿ ಹೇಳಲಾರದು. ಆದ್ದರಿಂದ ಹಳೆಯ ನೋವು, ಸೇವಿಸುತ್ತಿರುವ ಔಷಧಗಳು, ಹಿಂದಿನ ಶಸ್ತ್ರಚಿಕಿತ್ಸೆಯ ಅನುಭವ ಹಾಗೂ ಭಯ ಇವೆಲ್ಲವನ್ನೂ ಅರಿವಳಿಕೆ ತಜ್ಞರಿಗೆ ಮುಂಚಿತವಾಗಿಯೇ ತಿಳಿಸುವುದು ಒಳಿತು. ಆರಂಭದ ತೀವ್ರ ನೋವು ದೀರ್ಘಕಾಲದ ನೋವಿಗೆ ತಿರುಗುವ ಅಪಾಯವೂ ಇರುವುದರಿಂದ, ನೋವನ್ನು ಹಲ್ಲು ಕಚ್ಚಿ ಸಹಿಸುವ ಅಗತ್ಯವಿಲ್ಲ.