ಕಣ್ಣು ತಲುಪಿದಾಗ ಬರುವ ಚಿತ್ರ

ಹಿಡಕಲ್ ಜಲಾಶಯದಿಂದ ಕಾಲುವೆಗೆ ನೀರು ಬಿಟ್ಟ ಕೂಡಲೇ ಎಲ್ಲ ಹೊಲಗಳಿಗೂ ಅದು ಏಕಕಾಲಕ್ಕೆ ಹರಿಯುವುದಿಲ್ಲ. ಪಾಳಿ ಬಂದ ಹೊಲಕ್ಕೆ ಮೊದಲು, ಉಳಿದವಕ್ಕೆ ಆಮೇಲೆ. ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ರೈತರಿಗೆ ಇದು ಹೊಸ ಮಾತಲ್ಲ. ಇಂಥದೇ ಒಂದು ಪಾಳಿ ಅವರ ಕೈಯಲ್ಲಿರುವ ಮೊಬೈಲಿನಲ್ಲೂ ನಡೆಯುತ್ತಿದೆ.

ಉದ್ದನೆಯ ವೆಬ್ ಪುಟದಲ್ಲಿ ಇಪ್ಪತ್ತು ಚಿತ್ರಗಳಿದ್ದರೂ ಮೊದಲು ಬರುವುದು ಪರದೆಗೆ ಹತ್ತಿರವಿರುವ ಕೆಲವು ಮಾತ್ರ. ಓದುತ್ತ ಕೆಳಗೆ ಸಾಗಿದಂತೆ ಉಳಿದವು ಒಂದೊಂದಾಗಿ ಬರುತ್ತವೆ. ತಂತ್ರಜ್ಞರು ಇದನ್ನು ‘ಲೇಜಿ ಲೋಡಿಂಗ್’ ಎನ್ನುತ್ತಾರೆ. ಹೆಸರಿನಲ್ಲಿ ಸೋಮಾರಿತನವಿದ್ದರೂ ಇದರ ಹಿಂದಿರುವುದು ಮಿತವ್ಯಯ.

ವೆಬ್ ಆರಂಭದಲ್ಲಿ ಬಹುಮಟ್ಟಿಗೆ ಅಕ್ಷರಗಳ ಲೋಕವಾಗಿತ್ತು. ಪುಟದೊಳಗೇ ಚಿತ್ರ ಸೇರಿಸುವ ಸೂಚನೆಯೊಂದನ್ನು ಅಮೆರಿಕದ ಮಾರ್ಕ್ ಆಂಡ್ರೀಸನ್ 1993ರ ಫೆಬ್ರುವರಿಯಲ್ಲಿ ಮುಂದಿಟ್ಟರು. ಅದೇ ವರ್ಷ ಬಂದ ‘ಮೊಸಾಯಿಕ್’ ಬ್ರೌಸರ್ ಅದನ್ನು ಜನಪ್ರಿಯಗೊಳಿಸಿತು. ಭಾರತದಲ್ಲಿ ವಿದೇಶ ಸಂಚಾರ ನಿಗಮವು ಜನಸಾಮಾನ್ಯರಿಗೆ ಇಂಟರ್ನೆಟ್ ಸೇವೆ ಆರಂಭಿಸಿದ್ದು 1995ರ ಆಗಸ್ಟ್ 15ರಂದು. ಆಗಿನ ಸಾಮಾನ್ಯ ವೇಗ ಸೆಕೆಂಡಿಗೆ 9,600 ಬಿಟ್, ಅಂದರೆ 1,200 ಬೈಟ್. 60 ಸಾವಿರ ಬೈಟ್‌ಗಳ ಒಂದು ಚಿತ್ರ ಬರಲು 50 ಸೆಕೆಂಡ್ ಬೇಕು. ಅಂಥ ಹತ್ತು ಚಿತ್ರಗಳಿಗೆ ಎಂಟು ನಿಮಿಷಕ್ಕೂ ಹೆಚ್ಚು. ಅಷ್ಟು ಹೊತ್ತೂ ದೂರವಾಣಿಯ ಮೀಟರು ಓಡುತ್ತಿತ್ತು. ವಿದ್ಯಾರ್ಥಿಗಳಿಗೆ ದೊರೆಯುತ್ತಿದ್ದ ಅಗ್ಗದ ಖಾತೆಯಲ್ಲಂತೂ ಅಕ್ಷರ ಮಾತ್ರ ಕಾಣುತ್ತಿತ್ತು. ಹಣ ಉಳಿಸಬೇಕೆಂದವರು ಬ್ರೌಸರಿನಲ್ಲಿ ಚಿತ್ರಗಳನ್ನೇ ನಿಲ್ಲಿಸಿಬಿಡುತ್ತಿದ್ದರು. ಬಂದರೆ ಎಲ್ಲವೂ, ಇಲ್ಲವಾದರೆ ಒಂದೂ ಇಲ್ಲ.

ನಡುದಾರಿ ಬಳಕೆಗೆ ಬಂದದ್ದು 2007ರ ಸುಮಾರಿಗೆ. ಆ ವರ್ಷ ಯಾಹೂ ಸಂಸ್ಥೆಯ ಒಂದು ಸಾಧನದಿಂದ ಪ್ರೇರಿತರಾದ ಮಿಕಾ ಟುಪೋಲ ಎಂಬ ತಂತ್ರಜ್ಞ, ಯಾರು ಬೇಕಾದರೂ ತಮ್ಮ ಪುಟಕ್ಕೆ ಜೋಡಿಸಿಕೊಳ್ಳಬಹುದಾದ ಪುಟ್ಟ ಪ್ರೋಗ್ರಾಂ ರೂಪಿಸಿದರು. ಚಿತ್ರದ ವಿಳಾಸವನ್ನು ಬದಿಗಿಟ್ಟು, ಓದುಗ ಹತ್ತಿರ ಬಂದಾಗ ಮಾತ್ರ ಅದನ್ನು ಬ್ರೌಸರಿಗೆ ಕೊಡುವುದು ಇದರ ಗುಟ್ಟು. 2016ರಲ್ಲಿ ವಿಕಿಪೀಡಿಯದ ಮೊಬೈಲ್ ಪುಟಗಳೂ ಈ ಕ್ರಮವನ್ನು ಅಳವಡಿಸಿಕೊಂಡವು. 2019ರ ಜುಲೈ ಕೊನೆಯಲ್ಲಿ ಗೂಗಲ್‌ನ ಕ್ರೋಮ್ ಬ್ರೌಸರ್ ಈ ಕೆಲಸವನ್ನು ತಾನೇ ವಹಿಸಿಕೊಂಡಿತು. 2020ರಲ್ಲಿ ಫೈರ್‌ಫಾಕ್ಸ್, 2022ರಲ್ಲಿ ಸಫಾರಿ ಅದೇ ದಾರಿ ಹಿಡಿದವು.

ಕಾಲುವೆಯ ಕೊನೆಗಿರುವ ಹೊಲಕ್ಕೆ ನೀರು ತಲುಪಲು ಹೊತ್ತು ಬೇಕು. ಆದ್ದರಿಂದ ಗೇಟನ್ನು ಮುಂಚೆಯೇ ಎತ್ತಬೇಕು. ಕ್ರೋಮ್ ಕೂಡ ಹಾಗೆಯೇ ಮಾಡುತ್ತದೆ. ನೆಟ್‌ವರ್ಕ್ ಚುರುಕಾಗಿದ್ದರೆ ಚಿತ್ರ ಸಮೀಪಿಸುವವರೆಗೂ ಕಾಯುತ್ತದೆ. ನಿಧಾನವಾಗಿದ್ದರೆ ಇನ್ನೂ ದೂರವಿರುವಾಗಲೇ ಅದನ್ನು ತರಿಸಲು ಆರಂಭಿಸುತ್ತದೆ.

ಇದರ ಲಾಭ ಯಾರಿಗೆ? ಪುಟದ ಮೊದಲ ಎರಡು ಪ್ಯಾರಾ ಓದಿ ಹೊರಟುಹೋಗುವವರು ಬಹಳ. ಅವರು ನೋಡದೇ ಹೋದ ಚಿತ್ರಗಳ ವೆಚ್ಚ ಹಿಂದೆ ಅವರ ಲೆಕ್ಕಕ್ಕೇ ಬೀಳುತ್ತಿತ್ತು. ದಿನಕ್ಕೆ ಇಷ್ಟೇ ಡೇಟಾ ಎಂದು ಅಳೆದು ಬಳಸುವ ಮನೆಗಳಲ್ಲಿ ಇದು ಸಣ್ಣ ಉಳಿತಾಯವಲ್ಲ.

ಆದರೆ ಈ ಮಿತವ್ಯಯಕ್ಕೆ ಇನ್ನೊಂದು ಮುಖವೂ ಇದೆ. ವೆಬ್ ಪುಟಗಳನ್ನು ಮುಂದಿನವರಿಗಾಗಿ ಸಂಗ್ರಹಿಸಿಡುವ ಯಂತ್ರಗಳು ಮನುಷ್ಯರಂತೆ ಪುಟದ ಕೊನೆಯವರೆಗೂ ಸಾಗದಿದ್ದರೆ, ಕೆಳಗಿನ ಚಿತ್ರಗಳು ಸಂಗ್ರಹಕ್ಕೆ ಸೇರದೇ ಹೋಗಬಹುದು. ಮನೆಯಲ್ಲಿ ಪುಟವನ್ನು ಉಳಿಸಿಕೊಳ್ಳುವಾಗ ಅಥವಾ ಮುದ್ರಿಸುವಾಗಲೂ ಇದೇ ತೊಡಕು. 2019ರ ಆಗಸ್ಟ್‌ನಲ್ಲಿ, ಕ್ರೋಮ್ ಈ ಪದ್ಧತಿ ತಂದ ಕೆಲವೇ ದಿನಗಳಲ್ಲಿ, ಪ್ರವಾಹದ ನೀರು ಗೋಕಾಕ ಪಟ್ಟಣಕ್ಕೆ ನುಗ್ಗಿತು. ಅಂಥ ದಿನಗಳ ಸಚಿತ್ರ ವರದಿಯನ್ನು ಐವತ್ತು ವರ್ಷಗಳ ಬಳಿಕ ಹುಡುಕುವವರಿಗೆ ಅಕ್ಷರ ಸಿಕ್ಕಿ, ಚಿತ್ರವಿದ್ದ ಜಾಗದಲ್ಲಿ ಖಾಲಿ ಚೌಕ ಮಾತ್ರ ಕಂಡರೆ? ಗ್ರಂಥಾಲಯದಲ್ಲಿ ಕಟ್ಟಿಟ್ಟ ಹಳೆಯ ಪತ್ರಿಕೆಗೆ ಈ ಭಯವಿಲ್ಲ. ಅಲ್ಲಿ ಸುದ್ದಿ ಮತ್ತು ಚಿತ್ರ ಒಂದೇ ಹಾಳೆಯ ಮೇಲೆ ಉಳಿಯುತ್ತವೆ.

ಓದಿ ಮರೆಯುವ ಪುಟಕ್ಕೆ ಪಾಳಿ ಪದ್ಧತಿ ಒಳ್ಳೆಯದೇ. ಕಾದಿಟ್ಟುಕೊಳ್ಳಬೇಕಾದ ಪುಟವಾದರೆ ಮಾತ್ರ ಒಮ್ಮೆ ಕೊನೆಯವರೆಗೂ ಸಾಗಿ, ಎಲ್ಲ ಚಿತ್ರಗಳೂ ಬಂದವೇ ಎಂದು ನೋಡಿ ಉಳಿಸಿಕೊಳ್ಳುವುದು ಲೇಸು.